ಮೂರನೆಯ ತೂತು

ಹೊಲವೆಲ್ಲ ಮಾರಿದ ಮೇಲೆ ನಾನು ಮತ್ತೆ ಉಳುಮೆಗೆ ಇಳಿದದ್ದು ಟಿವಿಯಲ್ಲಿ. ಇದನ್ನು ಹೇಳಿದರೆ ನಮ್ಮ ಊರಿನವರು ಇವತ್ತಿಗೂ ನಗುತ್ತಾರೆ. ನಗಲಿ. ಅವರಲ್ಲಿ ಅರ್ಧ ಜನ ಹೊಲ ಮಾರಿ ಇಸ್ಪೀಟಿಗೆ ಇಳಿದವರು.

ಸರ್ಜಾಪುರದಿಂದ ಸ್ವಲ್ಪ ಈಚೆಗೆ ನಮ್ಮ ಹಳ್ಳಿ. ಹಳ್ಳಿ ಅನ್ನುವುದು ಬಾಯಿ ಅಭ್ಯಾಸಕ್ಕಷ್ಟೇ, ಈಗ ಬೋರ್ಡಿನ ಮೇಲೆ ಯಾವುದೋ ಲೇಔಟಿನ ಹೆಸರಿದೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನನ್ನದು ನಾಲ್ಕು ಅಂತಸ್ತಿನ ಕಟ್ಟಡ. ಕೆಳಗೆ ನಾನು, ಮೇಲೆ ಬಾಡಿಗೆ ಮನೆಗಳು. ಮೆಟ್ಟಿಲ ಹತ್ತಿರ ನಾನೇ ಬರೆಸಿ ತೂಗುಹಾಕಿದ ಬೋರ್ಡು ಇತ್ತು: ಗೋಡೆಗೆ ಮೊಳೆ ಹೊಡೆಯಬಾರದು, ಕುಂಡದ ನೀರು ಕೆಳಗೆ ತೊಟ್ಟಿಕ್ಕಬಾರದು, ಗೇಟು ಧಡ್ಡೆಂದು ಹಾಕಬಾರದು, ದೂರುಗಳಿದ್ದರೆ ತಿಂಗಳ ಮೊದಲ ಭಾನುವಾರ ಮಾತ್ರ. ಓನರ್ ಮುಂಗೋಪಿ ಎಂದು ಬಾಡಿಗೆಯವರೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದರು. ಮೊದಲ ಭಾನುವಾರ ಯಾರೂ ದೂರು ತರುತ್ತಿರಲಿಲ್ಲ. ನನ್ನ ಕಟ್ಟಡ ಅಷ್ಟು ಚೆನ್ನಾಗಿದೆ ಎಂದು ನಾನು ತಿಳಿದುಕೊಂಡಿದ್ದೆ.

ಮೂರು ವರ್ಷದ ಹಿಂದೆ, ಗೌರಿ ಹಬ್ಬದ ಬೆಳಿಗ್ಗೆ, ನನ್ನ ಹೆಂಡತಿ ತಲೆಗೆ ಎರೆದುಕೊಳ್ಳಲು ಬಚ್ಚಲಿಗೆ ಹೋದವಳು ಹೊರಗೆ ಬರಲಿಲ್ಲ. ಚಿಲಕ ಮುರಿದು ನೋಡಿದಾಗ ಬಕೆಟ್ಟಿನ ಪಕ್ಕದ ಗೋಡೆಗೆ ಒರಗಿಕೊಂಡಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಐವತ್ತೆರಡು ವಯಸ್ಸು. ಆಸ್ಪತ್ರೆಗೆ ಒಯ್ದಾಗ ಹಾರ್ಟ್ ಎಂದರು. ಬೇಕಿದ್ದರೆ ಪೋಸ್ಟ್‌ಮಾರ್ಟಂ ಮಾಡಿಸಬಹುದು ಎಂದರು. ನಾನೇ ಬೇಡವೆಂದೆ. ಹಬ್ಬದ ದಿನ ಅವಳ ಮೈ ಕೊಯ್ಯಿಸುವುದು ನನ್ನಿಂದ ಸಾಧ್ಯವಿರಲಿಲ್ಲ. ಕಟ್ಟಡದ ಹಿಂದೆ ನಮ್ಮ ಅಪ್ಪ ಅವ್ವನ ಸಮಾಧಿ ಇರುವ ಮೂಲೆಯೊಂದನ್ನು ಮಾತ್ರ ನಾನು ಯಾರಿಗೂ ಮಾರಿರಲಿಲ್ಲ. ಅಲ್ಲೇ ಅವಳನ್ನೂ ಮಣ್ಣು ಮಾಡಿದೆವು. ಆ ಬಚ್ಚಲಿಗೆ ಬೀಗ ಹಾಕಿದೆ. ಹಿತ್ತಲಲ್ಲಿ ಹಂಡೆ ಒಲೆ ಹೊತ್ತಿಸಿ ಸ್ನಾನ ಮಾಡುವುದನ್ನು ರೂಢಿ ಮಾಡಿಕೊಂಡೆ.

ನಮಗೆ ಒಬ್ಬಳೇ ಮಗಳು. ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಗಂಡನ ಜೊತೆ ಇದ್ದಾಳೆ, ಇಬ್ಬರಿಗೂ ಕಂಪನಿ ಕೆಲಸ. ತಾಯಿ ಹೋದ ಮೇಲೆ ಅವಳಿಗೆ ಹೃದಯದ್ದೇ ಚಿಂತೆ ಹತ್ತಿಕೊಂಡಿತು. ಆರು ತಿಂಗಳಿಗೊಮ್ಮೆ ಹೋಗಿ ಎದೆಗೆ ವೈರು ಅಂಟಿಸಿಕೊಂಡು ಬರುವಳು. ನಾಲ್ಕು ಮೆಟ್ಟಿಲು ಹತ್ತಿದರೆ ನಾಡಿ ಹಿಡಿದು ನೋಡಿಕೊಳ್ಳುವಳು. ನನ್ನ ಮನೆಗೆ ಬಂದರೆ ಚೀಲದಿಂದ ಮೊದಲು ಹೊರಬರುತ್ತಿದ್ದದ್ದು ಬಿಪಿ ಯಂತ್ರ. "ಅಮ್ಮಂದೇ ರಕ್ತ ಅಲ್ವಾ ಅಪ್ಪಾ, ನಂಗೂ ಹಂಗೇ ಆಗುತ್ತೆ" ಎನ್ನುತ್ತಿದ್ದಳು. ಮೂವತ್ತು ದಾಟಿದ ಹುಡುಗಿ, ಮಗು ಮಾಡಿಕೊಳ್ಳುವುದನ್ನೂ ಆ ಭಯಕ್ಕೇ ಮುಂದೂಡಿಕೊಂಡು ಬಂದಿದ್ದಳು.

ಟ್ರ್ಯಾಕ್ಟರಿನ ವಿಷಯಕ್ಕೆ ಬರುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ಮೂರನೇ ಮಹಡಿಯ ಕುಂಡದ ನೀರು ನನ್ನ ಕಾರಿನ ಮೇಲೆ ಬೀಳುತ್ತಿತ್ತು. ಜಗಳಕ್ಕೆ ಸಿದ್ಧನಾಗಿಯೇ ಮೇಲೆ ಹೋದೆ. ಅಲ್ಲಿದ್ದವನು ಹಾವೇರಿ ಕಡೆಯವನು, ಬಂದು ನಾಲ್ಕು ತಿಂಗಳಾಗಿತ್ತು. ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಕೆಲಸ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಹೆಂಡತಿ, ಒಂದೂವರೆ ವರ್ಷದ ಮಗಳು. ಬಾಗಿಲು ತೆರೆದೇ ಇತ್ತು. ಟಿವಿಯಲ್ಲಿ ಒಂದು ಟ್ರ್ಯಾಕ್ಟರು ಹೊಲ ಉಳುತ್ತಿತ್ತು. ಸಿನಿಮಾ ಅಂದುಕೊಂಡೆ. ನೋಡಿದರೆ ಅದು ವಿಡಿಯೋ ಗೇಮು, ಓಡಿಸುತ್ತಿದ್ದವನು ಅವನೇ, ಕೈಯಲ್ಲಿ ಎರಡು ಕಿವಿಯ ರಿಮೋಟು ಹಿಡಿದುಕೊಂಡು. ಸಾಲು ಸೊಟ್ಟಗೆ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅಂಗಲ್ಲಪ್ಪ, ಮುಂದಿನ ಚಕ್ರ ಸಾಲಿನೊಳಿಕ್ಕೆ ಇಡು" ಎಂದೆ.

"ನೀವ ಮಾಡ್ರಿ ಸಾರ್" ಎಂದು ರಿಮೋಟನ್ನು ನನ್ನ ಕೈಗೇ ಕೊಟ್ಟುಬಿಟ್ಟ.

ಕುಂಡದ ನೀರು ಮರೆತುಹೋಯಿತು. ಎಷ್ಟೋ ವರ್ಷಗಳ ಮೇಲೆ ನನ್ನ ಮುಂದೆ ಮಣ್ಣು ಮಗುಚಿ ಬೀಳುತ್ತಿತ್ತು. ಯಾವುದೋ ವಿದೇಶದ ಹೊಲ, ಬದುವಿಲ್ಲ, ಬೇಲಿಯಿಲ್ಲ, ಕಣ್ಣು ಹಾಯುವಷ್ಟು ಉದ್ದ. ಒಂದು ಮನುಷ್ಯಜೀವವಿಲ್ಲ. ಬುತ್ತಿ ತರುವವರಿಲ್ಲ, ಕೂಗಿ ಕರೆಯುವವರಿಲ್ಲ. ಬರೇ ಗಾಳಿ, ಇಂಜಿನ್ನು. ಭಯವೂ ಆಯಿತು, ಬಿಡಲೂ ಮನಸ್ಸಾಗಲಿಲ್ಲ. ಹೆಂಡತಿ ಹೋದ ಮೇಲೆ ನನ್ನ ಒಳಗೆ ಇದ್ದದ್ದೂ ಹೆಚ್ಚುಕಡಿಮೆ ಅಂಥದ್ದೇ ಬಯಲು.

ಆಮೇಲೆ ಭಾನುವಾರ ಭಾನುವಾರ ಮೇಲೆ ಹೋಗತೊಡಗಿದೆ. ಅವನ ಹೆಂಡತಿ ಬೇಸರ ತೋರಿಸದೆ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದರು. ಆದರೆ ಓನರ್ ಬಂದು ಬಾಡಿಗೆಯವರ ಸೋಫಾದಲ್ಲಿ ಅರ್ಧ ದಿನ ಕೂರುವುದು ಮರ್ಯಾದೆಯಲ್ಲ. ನನ್ನ ಹಾಲಿನಲ್ಲಿ ದೊಡ್ಡ ಟಿವಿ ಇತ್ತು, ಮೂರು ವರ್ಷದಿಂದ ಅದರ ಮೇಲೆ ಹೆಂಡತಿ ಹೊದಿಸಿದ್ದ ಬಟ್ಟೆಯನ್ನೇ ತೆಗೆದಿರಲಿಲ್ಲ. ನನಗೂ ಟಿವಿಗೆ ಸಿಕ್ಕಿಸುವ ಇಂಥದೊಂದು ಕಂಪ್ಯೂಟರ್ ಯಂತ್ರ ಮಾಡಿಕೊಡು ಎಂದೆ. ಸಿನಿಮಾ ನೋಡಬೇಕು, ಟ್ರ್ಯಾಕ್ಟರ್ ಓಡಿಸಬೇಕು, ಇಂಜಿನ್ನಿನ ಸದ್ದು ಎದೆಗೆ ತಾಗಬೇಕು.

"ರೆಡಿಮೇಡ್ ಬ್ಯಾಡ್ರಿ ಸಾರ್. ಒಂದೊಂದ ಪಾರ್ಟ್ ಆರಿಸಿ ಜೋಡಸೋಣು" ಎಂದ.

ಆರಿಸುವುದು ಎಂದರೆ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಜೋಡೆತ್ತು ಕೊಳ್ಳುವಾಗ ನಮ್ಮಪ್ಪ ಹಲ್ಲು ನೋಡಿ, ಗೊರಸು ನೋಡಿ, ಸುಳಿ ನೋಡಿ, ಕೊನೆಗೆ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ನಡೆಸಿ ನೋಡುತ್ತಿದ್ದ. ಒಂದು ಎತ್ತು ಜೋರು, ಇನ್ನೊಂದು ಮೆತ್ತಗಿದ್ದರೆ ನೊಗ ಓರೆಯಾಗುತ್ತದೆ, ಜೋರಿನದ್ದು ಸುಮ್ಮನೆ ಸುಸ್ತಾಗುತ್ತದೆ. ಲೆಕ್ಕ ಮಾಡುವ ಪ್ರೊಸೆಸರ್ರಿಗೂ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೂ ಇದೇ ಲೆಕ್ಕ ಎಂದು ಅವನು ವಿವರಿಸಿದಾಗ ನಾನು ಅರ್ಧಕ್ಕೇ ತಡೆದು ಉಳಿದದ್ದನ್ನು ನಾನೇ ಹೇಳಿಬಿಟ್ಟೆ. ಅವನಿಗೆ ಖುಷಿಯೋ ಖುಷಿ. ಮೆಮೊರಿಯನ್ನಂತೂ ಜೋಡಿಯಾಗಿಯೇ ತೆಗೆದುಕೊಳ್ಳಬೇಕಂತೆ, ಒಂದೇ ಕಂಪನಿಯದು, ಒಂದೇ ವೇಗದ್ದು. ಇಬ್ಬರೂ ಕಂಪ್ಯೂಟರ್ ಭಾಗಗಳು ಸಿಗುವ ಎಸ್.ಪಿ. ರೋಡಿಗೆ ಎರಡು ಸಲ ಹೋಗಿ ಬಂದೆವು. ಅಂಗಡಿಯವನು ಬಣ್ಣ ಬಣ್ಣದ ದೀಪ ಉರಿಯುವ ಕ್ಯಾಬಿನೆಟ್ ತೋರಿಸಿದ. ಇದು ನನ್ನ ಮನೆ, ಆರ್ಕೆಸ್ಟ್ರಾ ಅಲ್ಲ ಎಂದು ಪಕ್ಕಕ್ಕೆ ತಳ್ಳಿದೆ. ಟಿವಿ ಮೇಜಿನ ಕೆಳಗೆ ಅಡ್ಡಡ್ಡಲಾಗಿ ಮಲಗುವಂಥ ಕಪ್ಪು ತಗಡಿನ ಡಬ್ಬಿಯೊಂದನ್ನು ಆರಿಸಿದೆವು. ಅದಕ್ಕೆ ಸದ್ದಿಲ್ಲದ ದೊಡ್ಡ ಫ್ಯಾನು. ಸಿನಿಮಾದಲ್ಲಿ ಯಾರಾದರೂ ಪಿಸುಗುಟ್ಟಿದಾಗ ಯಂತ್ರ ಗೊರಕೆ ಹೊಡೆಯಬಾರದು ಎಂಬುದು ಅವನ ಷರತ್ತು.

ಕೊನೆಗೆ ಉಳಿದದ್ದು ಪವರ್ ಸಪ್ಲೈ, ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಡಬ್ಬಿ. ಅದರಲ್ಲಿ ಮಾತ್ರ ಕೈ ಬಿಗಿ ಹಿಡಿಯಬಾರದು ಎಂದ. ಅದನ್ನು ಕೊಳ್ಳುವ ಮೊದಲು ನನ್ನ ಹಾಲಿನ ಸಾಕೆಟ್ಟು ಪರೀಕ್ಷಿಸಬೇಕು ಎಂದು ಒಂದು ಸಂಜೆ ಆಫೀಸಿನಿಂದ ಬಂದವನೇ ಕೆಳಗಿಳಿದ. ಕೈಯಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಟೆಸ್ಟರು, ಅದರಲ್ಲಿ ಮೂರು ಪುಟ್ಟ ದೀಪ, ಎರಡು ಹೊತ್ತಿದರೆ ಎಲ್ಲಾ ಸರಿ ಎಂದು ಅರ್ಥವಂತೆ. ಟಿವಿ ಹಿಂದಿನ ಸಾಕೆಟ್ಟಿಗೆ ಸಿಕ್ಕಿಸಿದ. ಒಂದೇ ದೀಪ ಹೊತ್ತಿತು. ತೆಗೆದು ಫ್ರಿಜ್ಜಿನ ಸಾಕೆಟ್ಟಿಗೆ ಸಿಕ್ಕಿಸಿದ. ಅಲ್ಲೂ ಒಂದೇ. ಅಡುಗೆಮನೆಯಲ್ಲೂ ಒಂದೇ. ಟೆಸ್ಟರನ್ನು ಕಿತ್ತುಕೊಂಡು ನನ್ನ ಕಡೆ ತಿರುಗಿದ.

"ಸಾರ್, ಸಿಟ್ಟಾಗಬ್ಯಾಡ್ರಿ. ನಿಮ್ಮನ್ಯಾಗ ಅರ್ತಿಂಗ್ ಇಲ್ರಿ."

"ಮೂರು ತೂತಿನ ಸಾಕೆಟ್ಟೇ ಆಕ್ಸಿದೀನಲ್ಲ?"

"ತೂತ ಐತ್ರಿ. ಅದರ ಹಿಂದ ಏನೂ ಇಲ್ರಿ."

ಮೇಲಿನ ದೊಡ್ಡ ತೂತು ಭೂಮಿಗೆ ಹೋಗುವ ದಾರಿ ಎಂದು ಅವನು ಬಿಡಿಸಿ ಹೇಳಿದ. ಯಂತ್ರದೊಳಗೆ ಕರೆಂಟು ಎಲ್ಲಾದರೂ ತಪ್ಪಿಸಿಕೊಂಡರೆ ಆ ದಾರಿ ಹಿಡಿದು ಮಣ್ಣಿಗೆ ಇಳಿದುಹೋಗುತ್ತದೆ. ದಾರಿ ಇಲ್ಲದಿದ್ದರೆ ಯಂತ್ರದ ತಗಡಿನ ಮೇಲೇ ನಿಂತಿರುತ್ತದೆ, ಯಾರಾದರೂ ಮುಟ್ಟಲಿ ಎಂದು. ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಈ ತಗಡಿನ ಕ್ಯಾಬಿನೆಟ್ಟನ್ನು ಹೀಗೇ ಸಿಕ್ಕಿಸಿದರೆ ಬರಿಗಾಲಲ್ಲಿ ಮುಟ್ಟಿದಾಗ ಜುಮ್ ಅನ್ನುತ್ತದೆ ಎಂದ. ಮೇಲೆ ತಮ್ಮ ಮನೆಯಲ್ಲಿ ಈಗಲೂ ಹಾಗೇ ಆಗುತ್ತದಂತೆ.

"ಇಷ್ಟು ತಿಂಗ್ಳಿಂದ ಬಾಯಿ ಮುಚ್ಕೊಂಡಿದ್ಯಾ?" ಎಂದು ರೇಗಿದೆ.

ಅವನು ಮೆಟ್ಟಿಲ ಕಡೆ ನೋಡಿದ. "ಬೋರ್ಡ್ ಓದಿ ಸುಮ್ನಾದೆ ರೀ" ಎಂದ.

ನನಗೆ ಮುಂದಿನ ಮಾತು ಕೇಳಿಸಲಿಲ್ಲ. ಜುಮ್ ಎಂಬ ಮಾತಿನಲ್ಲೇ ನಿಂತುಬಿಟ್ಟಿದ್ದೆ. ಆ ಮಾತನ್ನು ಇದೇ ಹಾಲಿನಲ್ಲಿ ನನ್ನ ಹೆಂಡತಿ ಹೇಳಿದ್ದಳು. ತೀರಿಕೊಳ್ಳುವ ಮುಂಚಿನ ತಿಂಗಳುಗಳಲ್ಲಿ, ಒಂದಲ್ಲ ಎರಡಲ್ಲ, ನಾಲ್ಕೈದು ಸಲ. "ಬಚ್ಚಲ ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ ಕಣ್ರೀ." ನಾನು ನಕ್ಕಿದ್ದೆ. ನಿನ್ಗೆ ವಯಸ್ಸಾಯ್ತು, ನರ ವೀಕಾಗೈತೆ ಎಂದು ಗೇಲಿ ಮಾಡಿದ್ದೆ.

ಇನ್ನೊಂದು ವಿಷಯವೂ ಒಟ್ಟಿಗೇ ನೆನಪಾಯಿತು. ಅದನ್ನು ಬರೆಯದೆ ಬಿಟ್ಟರೆ ಇದನ್ನೆಲ್ಲ ಬರೆದು ಉಪಯೋಗವಿಲ್ಲ. ಕೆಳಮನೆ ಕಟ್ಟುವಾಗ ಅಂಗಳದಲ್ಲಿ ಅರ್ತಿಂಗ್ ಗುಂಡಿ ಇತ್ತು, ಅದರಿಂದ ಒಂದು ಕಬ್ಬಿಣದ ಪೈಪು ಮೊಣಕಾಲೆತ್ತರಕ್ಕೆ ನಿಂತಿತ್ತು. ಮೇಲಿನ ಮಹಡಿಗಳಿಗೆ ಬಾಡಿಗೆಯವರು ತುಂಬಿಕೊಂಡಾಗ ಬೈಕು ಕಾರುಗಳಿಗೆ ಜಾಗ ಬೇಕಾಯಿತು. ನಮ್ಮ ಕಡೆ ಓನರ್‌ಗಳೆಲ್ಲ ಮಾಡಿದ್ದನ್ನೇ ನಾನೂ ಮಾಡಿದೆ, ಒಂದು ಅಂಗುಲ ಮಣ್ಣು ಬಿಡದಂತೆ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಿದೆ. ಪೈಪು ಕಾರು ತಿರುಗಿಸಲು ಅಡ್ಡ ಬರುತ್ತಿತ್ತು. ಮೇಸ್ತ್ರಿ ಕೇಳಿದ, ಇದೇನು ಮಾಡಲಿ ಎಂದು. ಒಂದು ಪೈಪು ತಾನೇ, ಕುಯ್ದಾಕು ಎಂದೆ. ಅವನು ಪೈಪು ಕುಯ್ದು, ತಂತಿಯ ತುದಿ ಮಡಚಿ, ಮೇಲೆ ಸಿಮೆಂಟು ಬಳಿದ. ಸಪಾಟಾಗಿ ಬಂದಿದೆ ಎಂದು ನಾನು ಶಹಬಾಸ್ ಅಂದೆ. ಅದಾದ ಮೇಲೇ ಅವಳು ನಲ್ಲಿ ಜುಮ್ ಅನ್ನುತ್ತದೆ ಎನ್ನತೊಡಗಿದ್ದು.

ಹಬ್ಬದ ದಿನ ಅವಳು ಎಷ್ಟು ಹೊತ್ತಾದರೂ ಬಾರದಿದ್ದಾಗ ನಾನು ಮೊದಲು ಮಾಡಿದ ಕೆಲಸವೂ ನೆನಪಾಯಿತು. ಕರೆಂಟು ಬಿಲ್ಲು ಯಾರಪ್ಪ ಕಟ್ಟುತ್ತಾನೆ ಎಂದು ಗೊಣಗುತ್ತಾ ಬಚ್ಚಲ ಹೊರಗಿನ ಗೀಸರ್ ಸ್ವಿಚ್ಚನ್ನು ಆರಿಸಿದ್ದೆ. ಆಮೇಲೆ ಬಾಗಿಲು ಬಡಿದದ್ದು, ಆಮೇಲೆ ಒಡೆದದ್ದು. ನಲ್ಲಿಗೆ ಕರೆಂಟು ಬರುತ್ತಿದ್ದದ್ದು ಆ ಗೀಸರಿನಿಂದಲೇ ಇರಬೇಕು, ಅದಕ್ಕೇ ಸ್ವಿಚ್ಚು ಆರಿದ ಮೇಲೆ ಅವಳನ್ನು ಎತ್ತಿದ ನನಗೆ ಏನೂ ಆಗಲಿಲ್ಲ. ಅದಕ್ಕೇ ನನಗೆ ಅನುಮಾನವೂ ಬರಲಿಲ್ಲ.

ಮೂರನೇ ಮಹಡಿಯವನಿಗೆ ಆ ಸಂಜೆ ಇದ್ಯಾವುದನ್ನೂ ಹೇಳಲಿಲ್ಲ. "ದೊಡ್ಡ ಸ್ಟೆಬಿಲೈಜರ್ ಆಕ್ಸಿದ್ರೆ ಆಗಾಕಿಲ್ವಾ?" ಎಂದೆ.

"ಯಾವ ಪಾರ್ಟ್ ತಂದ್ರೂ ಆಗಂಗಿಲ್ರಿ. ಗುಂಡೀನ ತಗೀಬೇಕು. ಮಣ್ಣ ಎಲ್ಲೈತ್ರಿ?"

ಮಣ್ಣು ಒಂದೇ ಕಡೆ ಇತ್ತು. ಅವನಿಗೂ ಗೊತ್ತಿತ್ತು, ಕಾಂಪೌಂಡಿನ ಹಿಂದಿನ ಮೂಲೆಯನ್ನು ಕಿಟಕಿಯಿಂದ ದಿನಾ ನೋಡುತ್ತಿದ್ದ. ನಮ್ಮಲ್ಲಿ ಹಿರಿಯರನ್ನು ಇಟ್ಟ ಜಾಗದಲ್ಲಿ ಗುದ್ದಲಿ ಆಡಿಸುವುದಿಲ್ಲ. ಹುಲ್ಲು ಕೀಳುವುದಿದ್ದರೂ ಕೈಯಲ್ಲೇ ಕೀಳುತ್ತೇವೆ. ನೋಡೋಣ, ಮೊದಲು ಸ್ಪೀಕರ್ ಆರಿಸೋಣ ಎಂದು ಮಾತು ತೇಲಿಸಿದೆ. ಅವನು ತಲೆಯಾಡಿಸಿ ಮೇಲೆ ಹೋದ.

ಎರಡು ವಾರ ನಾನು ಸ್ಪೀಕರ್ ಆರಿಸಿದೆ. ಆರಿಸಿದೆ ಎಂದರೆ ಮೊಬೈಲಿನಲ್ಲಿ ಚಿತ್ರ ನೋಡುತ್ತಾ ಕೂತೆ. ಕಣ್ಣು ಮಾತ್ರ ಗೋಡೆಯ ಮೇಲೆ. ಮನೆಯಲ್ಲಿ ಇಷ್ಟೊಂದು ಸಾಕೆಟ್ಟುಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಮಂಚದ ಪಕ್ಕ ಒಂದು, ದೇವರ ಗೂಡಿನ ಕೆಳಗೆ ಒಂದು, ಹೊಲಿಗೆ ಯಂತ್ರಕ್ಕೆಂದು ಅವಳೇ ಕೇಳಿ ಹಾಕಿಸಿಕೊಂಡದ್ದು ಒಂದು. ಎಲ್ಲಕ್ಕೂ ಮೇಲೆ ಆ ದೊಡ್ಡ ತೂತು. ಮಧ್ಯಾಹ್ನ ಊಟ ಮಾಡುವಾಗ ಬೀಗ ಹಾಕಿದ ಬಚ್ಚಲಿನಿಂದ ಬಕೆಟ್ಟು ತುಂಬುವ ಸದ್ದು ಕೇಳಿಸುತ್ತಿತ್ತು. ಅದು ಮೇಲಿನ ಮನೆಯ ಪೈಪಿನದ್ದು ಎಂದು ಗೊತ್ತಿದ್ದರೂ ಎದ್ದು ಹೋಗಿ ಬಾಗಿಲಿಗೆ ಕಿವಿ ಇಡುತ್ತಿದ್ದೆ. ನೀರು ನಿಲ್ಲುವುದು, ಚೊಂಬು ತಾಗುವುದು, ಎಲ್ಲಾ ಸರಿಯಾಗಿ ಅವಳು ಮಾಡುತ್ತಿದ್ದ ಕ್ರಮದಲ್ಲೇ. ಒಂದು ದಿನ "ಮುಟ್ಬೇಡ" ಎಂದು ಗಟ್ಟಿಯಾಗಿ ಕೂಗಿಯೂ ಬಿಟ್ಟೆ. ನನಗೆ ತಲೆ ಕೆಡುತ್ತಿದೆ ಎಂದು ಅನ್ನಿಸಿತು. ಕೆಡಲಿ ಎಂದೂ ಅನ್ನಿಸಿತು.

ಆ ನಡುವೆ ಮಗಳು ಫೋನ್ ಮಾಡಿ ಇನ್ನೊಂದು ಪರೀಕ್ಷೆಗೆ ಹೋಗುತ್ತಿದ್ದೇನೆ, ಈ ಸಲ ಒಂದಿಡೀ ದಿನ ಎದೆಗೆ ಯಂತ್ರ ಕಟ್ಟಿಕೊಂಡಿರಬೇಕಂತೆ ಎಂದಳು. ಬೇಡ ಮಗಾ ಎನ್ನಲು ಬಾಯಿ ತೆರೆದೆ. ಯಾಕೆ ಬೇಡ ಎಂದು ಕೇಳಿದರೆ ಏನು ಹೇಳುವುದು? ನಿಮ್ಮಮ್ಮನ ಹೃದಯ ಗಟ್ಟಿಯಾಗಿತ್ತು, ಕೊಂದದ್ದು ನಾನು ಎನ್ನಬೇಕಾಗಿತ್ತು. ಹೇಳಿದರೆ ಅವಳ ಭಯ ಹೋಗುತ್ತದೆ, ಅವಳೂ ಹೋಗುತ್ತಾಳೆ. ನನಗೆ ಉಳಿದಿದ್ದದ್ದು ಅವಳೊಬ್ಬಳೇ. ಹುಷಾರು ಎಂದಷ್ಟೇ ಹೇಳಿ ಫೋನ್ ಇಟ್ಟೆ. ನನ್ನ ಹೇಡಿತನಕ್ಕೆ ನನಗೇ ಅಸಹ್ಯವಾಯಿತು.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಮೇಲಿನ ಮಗು. ಮೂರನೇ ಮಹಡಿಯ ಮೊಗಸಾಲೆಯಲ್ಲಿ ಅವರ ವಾಷಿಂಗ್ ಮಷೀನು ಇತ್ತು. ಒಂದು ಬೆಳಿಗ್ಗೆ ನೀರಿನ ಟ್ಯಾಂಕು ನೋಡಲು ಹತ್ತುತ್ತಿದ್ದೆ. ನೆಲವೆಲ್ಲ ಒದ್ದೆ, ಮಷೀನು ಗಡಗಡ ಸುತ್ತುತ್ತಿತ್ತು, ಆ ಮಗು ಒದ್ದೆ ಪಾದದಲ್ಲಿ ತಟಪಟ ಓಡಿಬಂದು ಅದರ ತಗಡಿಗೆ ಎರಡೂ ಅಂಗೈ ಚಾಚಿತು. ನಾನು ಅರಚಿದ ರಭಸಕ್ಕೆ ಮಗು ಕುಸಿದು ಕೂತು ಚೀರಿತು. ತಾಯಿ ಓಡಿಬಂದು ಎತ್ತಿಕೊಂಡು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ಓನರ್ ಮಗುವಿಗೂ ಬೈಯುತ್ತಾನೆ ಎಂದುಕೊಂಡಿರಬೇಕು. ಆಕೆಯ ಗಂಡ ಬಂದಾಗ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಅಲ್ಲೇ ಅವನಿಗೆ ಎಲ್ಲವನ್ನೂ ಹೇಳಿದೆ. ಪೈಪು, ಕಾಂಕ್ರೀಟು, ನಲ್ಲಿ, ನನ್ನ ನಗು. ಅವನು ಮಷೀನಿನ ಪ್ಲಗ್ಗು ಕಿತ್ತ. ಕೊನೆಗೆ, "ಇವತ್ತ ರಜಾ ಹಾಕ್ತೀನ್ರಿ. ಗುದ್ದಲಿ ಎಲ್ಲೈತಿ?" ಎಂದ.

ಆಳು ಕರೆಯಲಿಲ್ಲ. ಮೂರು ಸಮಾಧಿಗೂ ಊದುಬತ್ತಿ ಹಚ್ಚಿ, ಕಾಯಿ ಒಡೆದು, ಕೈ ಮುಗಿದು ನಾನೇ ಅಗೆಯಲು ಇಳಿದೆ. ಅಪ್ಪ ಅವ್ವನ ಪಕ್ಕ ಬಂಡೆ ಸಿಕ್ಕಿತು. ಅವಳ ಪಕ್ಕದಲ್ಲಿ ಮಾತ್ರ ಮಣ್ಣು ಮೆತ್ತಗಿತ್ತು. ನನ್ನೆತ್ತರಕ್ಕೂ ಹೆಚ್ಚು ಅಗೆದೆವು. ಒಳಗೆ ಪೈಪು ನಿಲ್ಲಿಸಿ ಸುತ್ತಲೂ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕುತ್ತಾ ಬಂದೆವು. ಅವಳನ್ನು ಮಣ್ಣು ಮಾಡುವಾಗಲೂ ಮೂಟೆ ಉಪ್ಪು ಸುರಿದಿದ್ದೆವು. ಅಂಗೈಯಲ್ಲಿ ಹಿಡಿದ ಉಪ್ಪನ್ನು ಮತ್ತೆ ಬುಟ್ಟಿಗೇ ಹಾಕಿದೆ. ತಮ್ಮಲ್ಲೂ ಕುಳ್ಳಿರಿಸಿ ಮಣ್ಣು ಮಾಡುವಾಗ ಉಪ್ಪು, ವಿಭೂತಿ ಹಾಕುತ್ತಾರೆ ಎಂದು ಅವನು ಹೇಳಿದ. ಹೇಳಿ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡ. ನೆರೆಯ ಕಟ್ಟಡದ ಬಾಲ್ಕನಿಯಿಂದ ಜನ ನೋಡುತ್ತಿದ್ದರು. ಇನ್ನೊಬ್ಬರು ಯಾರೋ ತೀರಿಕೊಂಡರು ಅಂದುಕೊಂಡಿರಬಹುದು.

ವಾರದೊಳಗೆ ಎಲೆಕ್ಟ್ರಿಷಿಯನ್ ಪ್ರತಿ ಮಹಡಿಗೂ ಹೊಸ ತಂತಿ ಎಳೆದ. ಮೀಟರಿನ ಪಕ್ಕ ಒಂದು ಹೊಸ ಸ್ವಿಚ್ಚು ಕೂರಿಸಿದ, ಕರೆಂಟು ಎಲ್ಲಾದರೂ ಸೋರಿದರೆ ತಾನಾಗಿಯೇ ಬಿದ್ದುಕೊಳ್ಳುವಂಥದ್ದು. ಎಲ್ಲ ಸಾಕೆಟ್ಟಿಗೂ ಟೆಸ್ಟರು ಸಿಕ್ಕಿಸಿ ನೋಡಿದೆವು, ಎರಡೆರಡು ದೀಪ ಹೊತ್ತಿದವು. ಉಳಿದದ್ದು ಬೀಗ ಹಾಕಿದ ಬಚ್ಚಲು. ಅವನು ಬೇಡ ಎಂದ. ನಾನು ಬೀಗ ತೆಗೆದೆ. ಸೋಪಿನ ತಟ್ಟೆಯಲ್ಲಿ ಅವಳ ಸೀಗೆಪುಡಿ ಗಟ್ಟಿಯಾಗಿ ಕೂತಿತ್ತು. ಗೀಸರಿಗೆ ನೀರು ಬಿಟ್ಟು ಹೊರಗೆ ಬಂದು ಸ್ವಿಚ್ಚು ಒತ್ತಿದೆ. ಒತ್ತಿದ್ದೇ ತಡ, ಮೀಟರಿನ ಕಡೆಯಿಂದ ಟಪ್ ಎಂದು ಸದ್ದಾಗಿ ಇಡೀ ಮನೆಯ ಕರೆಂಟು ಹೋಯಿತು. ಸರಿಮಾಡಿ ಮತ್ತೆ ಒತ್ತಿದೆ. ಮತ್ತೆ ಟಪ್.

"ಮೂರ್ ವರ್ಷ ಬಂದ್ ಇತ್ತಲ್ರಿ ಸಾರ್" ಎಂದ ಅವನು, ನನ್ನ ಮುಖ ನೋಡದೆ. "ಒಳಗ ತುಕ್ಕ ಹಿಡಿದು ಈಗ ಕೆಟ್ಟಿರಬಹುದ್ರಿ. ಆವಾಗ ಹೆಂಗಿತ್ತೋ ಯಾರಿಗೊತ್ತು."

ಒಳ್ಳೆಯವನು. ನಾನು ಹಿಡಿದುಕೊಳ್ಳಲಿ ಎಂದೇ ಆ ಮಾತು ಆಡಿದ. ಸುಳ್ಳೂ ಅಲ್ಲ, ಹಾಗೆ ಆಗಿರಲೂಬಹುದು. ಯಾವ ಯಂತ್ರ ಸಿಕ್ಕಿಸಿದರೂ ಆ ದಿನ ಬೆಳಿಗ್ಗೆ ಏನಾಯಿತೆಂದು ಈಗ ತೋರಿಸಲಾರದು. ಆದರೆ ಅವಳು ನನಗೆ ನಾಲ್ಕೈದು ಸಲ ಹೇಳಿದ್ದಳು.

ಪವರ್ ಸಪ್ಲೈ ಬಂತು. ಒಂದು ಶನಿವಾರ ಇಬ್ಬರೂ ನೆಲದ ಮೇಲೆ ಚಾಪೆ ಹಾಸಿಕೊಂಡು ಯಂತ್ರ ಜೋಡಿಸಿದೆವು. ಮೆಮೊರಿಯ ಜೋಡಿಯನ್ನು ನನ್ನ ಕೈಯಲ್ಲೇ ಕೂರಿಸಿದ, ಕಟ್ ಕಟ್ ಎಂದು ಕಚ್ಚಿಕೊಂಡವು. ಟಿವಿಯ ಮೇಲಿನ ಬಟ್ಟೆ ತೆಗೆದು ಮಡಚಿಟ್ಟೆ. ಯಂತ್ರ ಹೊತ್ತಿಕೊಂಡಿತು, ಫ್ಯಾನು ತಿರುಗುವುದು ಕಾಣುತ್ತಿತ್ತೇ ಹೊರತು ಕೇಳಿಸುತ್ತಿರಲಿಲ್ಲ. ಟ್ರ್ಯಾಕ್ಟರಿನ ಗುಡುಗು ಎದೆಗೆ ಬಂದು ತಾಗಿತು. ತಗಡಿನ ಡಬ್ಬಿಯನ್ನು ಬರಿಗಾಲಲ್ಲಿ ನಿಂತು ಮುಟ್ಟಿದೆ. ಏನೂ ಆಗಲಿಲ್ಲ. ಇಷ್ಟು ಸಣ್ಣ ಕೆಲಸ, ಅವಳು ಬದುಕಿದ್ದಾಗ ಮಾಡಿಸಬಹುದಾಗಿತ್ತು ಎಂದು ತಡೆಯಲಾರದಷ್ಟು ದುಃಖವಾಯಿತು.

ಮರುದಿನ ಮಧ್ಯಾಹ್ನ ಮಗಳು ಬ್ರೂಕ್‌ಫೀಲ್ಡಿನಿಂದ ಬಂದಳು. ಟಿವಿ ನೋಡಿ, "ಅಪ್ಪಾ, ಏನಿದು, ಸಕ್ಕತ್ತಾಗಿದೆ!" ಎಂದು ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ಚೀಲದಿಂದ ಬಿಪಿ ಯಂತ್ರ ತೆಗೆದು ನನ್ನ ತೋಳಿಗೆ ಪಟ್ಟಿ ಸುತ್ತಿದಳು. ಅವಳ ಪರೀಕ್ಷೆಯ ರಿಪೋರ್ಟು ಬಂದಿತ್ತು, ಈ ಸಲವೂ ಏನೂ ಇಲ್ಲವಂತೆ. ಇನ್ನೂ ದೊಡ್ಡ ಡಾಕ್ಟರ ಹತ್ತಿರ ಹೋಗಬೇಕು ಎಂದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಇನ್ನು ಸುಮ್ಮನಿರಲು ನನ್ನಿಂದಾಗಲಿಲ್ಲ.

"ಅಮ್ಮಂದು ಆರ್ಟ್ ಅಟ್ಯಾಕು ಅಲ್ಲ ಮಗಾ" ಎಂದೆ. "ನಿನ್ಗೇನೂ ಆಗಾಕಿಲ್ಲ. ನೀನು ಎಲ್ಲೂ ಓಗ್ಬೇಡ."

ಪಟ್ಟಿ ತೋಳಿನ ಮೇಲಿದ್ದ ಹಾಗೆಯೇ ಎಲ್ಲವನ್ನೂ ಹೇಳಿದೆ. ಪೈಪು ಕುಯ್ಯಿಸಿದ್ದು, ಅವರಮ್ಮ ಹೇಳಿದ್ದು, ನಾನು ನಕ್ಕದ್ದು, ಗೀಸರ್ ಒತ್ತಿದಾಗ ಟಪ್ ಎಂದು ಬಿದ್ದದ್ದು. ನನ್ನ ಮುಖಕ್ಕೆ ಉಗುಳಿ ಎದ್ದುಹೋಗುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಕೂತೇ ಇದ್ದಳು. ಬಿಪಿ ಯಂತ್ರದ ರಬ್ಬರ್ ಗುಂಡನ್ನು ಹಿಡಿದ ಕೈ ಮಾತ್ರ ಬಿಳಿಚಿಕೊಂಡಿತ್ತು.

"ನಂಗೂ ಹೇಳಿದ್ಲು ಅಪ್ಪಾ" ಎಂದಳು.

ನನಗೆ ಅರ್ಥವಾಗಲಿಲ್ಲ.

"ಫೋನ್ ಮಾಡಿದ್ಲು. ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ, ನಿಮ್ಮಪ್ಪ ನಗಾಡ್ತಾರೆ, ನೀನಾದ್ರೂ ಹೇಳೆ ಅಂದ್ಲು. ನಾನು ಮೀಟಿಂಗ್‌ಗೆ ಹೋಗ್ತಿದ್ದೆ. ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು ಅಂತ ಹೇಳಿ ಇಟ್ಬಿಟ್ಟೆ."

ಆ ನೀಲಿ ಚಪ್ಪಲಿ ನನಗೆ ನೆನಪಿತ್ತು. ಜಾರದಿರಲಿ ಎಂದು ಹೆಂಡತಿ ಕೊಂಡಿದ್ದಾಳೆ ಅಂದುಕೊಂಡಿದ್ದೆ. ದಿನಾ ಹಾಕಿಕೊಂಡೇ ಬಚ್ಚಲಿಗೆ ಹೋಗುತ್ತಿದ್ದಳು. ಹಬ್ಬದ ದಿನ ಪೂಜೆಗೆ ಎರೆದುಕೊಳ್ಳುವಾಗ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಅವತ್ತು ಬಾಗಿಲಾಚೆ ಜೋಡಿಸಿಟ್ಟಿದ್ದಳು, ನಾನು ಅದನ್ನು ದಾಟಿಯೇ ಒಳಗೆ ನುಗ್ಗಿದ್ದು. ಮಗಳಿಗೆ ಅದನ್ನು ಹೇಳಬೇಕಾಗಲಿಲ್ಲ. ಅವಳು ಅವತ್ತು ಬಂದಾಗ ನೋಡಿದ್ದಳು.

"ಗೊತ್ತಿದ್ರೆ ಮತ್ಯಾಕಮ್ಮಾ ಆಸ್ಪತ್ರೆ ಆಸ್ಪತ್ರೆ ಸುತ್ತಿದ್ದು?" ಎಂದೆ.

"ಏನಾದ್ರೂ ಸಿಗ್ಲಿ ಅಂತ ಅಪ್ಪಾ. ನನ್ನ ಹಾರ್ಟಲ್ಲೂ ಏನೋ ಇದೆ ಅಂತಾದ್ರೆ ಅಮ್ಮಂದೂ ಅದೇ ಆಗಿರುತ್ತಲ್ವಾ. ಪ್ರತಿ ಸಲ ನಾರ್ಮಲ್ ಅಂತ ಬಂದಾಗ ಪಾರ್ಕಿಂಗಲ್ಲಿ ಕಾರೊಳಗೆ ಕೂತ್ಕೊಂಡು ಅಳ್ತಿದ್ದೆ."